ಹದಿನಾಲ್ಕು ಸೀಲು

ಇಡ್ಲಿ ಹಿಟ್ಟು ಮಾರುವ ನೀಲಮ್ಮನಿಗೆ ಕೆಟ್ಟ ಗ್ರೈಂಡರ್ ಬದಲಿಸಿಕೊಡಿ ಎಂದು ಗ್ರಾಹಕರ ಕೋರ್ಟು ಅಂಗಡಿಗೆ ಆದೇಶಿಸಿ ಆರು ತಿಂಗಳಾಗಿತ್ತು. ಒರಳಲ್ಲಿ ರುಬ್ಬಿ ರುಬ್ಬಿ ಅವಳ ರಟ್ಟೆ ಬಿದ್ದುಹೋಗಿತ್ತು. ಹೋದಾಗಲೆಲ್ಲ ಮಾಲೀಕ ರುದ್ರೇಶನದು ಒಂದೇ ಮಾತು: "ನಾಳೆ ಬಾರಮ್ಮ."

"ಬಂದಿದ್ದೆ ಅಂತ ಸೀಲ್ ಒತ್ತಿಕೊಡಿ ಸ್ವಾಮಿ, ಮನೇಲಿ ನಂಬಲ್ಲ," ಎಂದು ಅವಳು ಪ್ರತಿಸಲ ಅದೇ ಮಡಚಿದ ಕಾಗದ ಚಾಚುತ್ತಿದ್ದಳು. ಅವನು ನಗುತ್ತ "ನಾಳೆ ಬಾ" ಎಂದು ಬರೆದು, ತಾರೀಖು ಹಾಕಿ, ಸೀಲ್ ಒತ್ತುತ್ತಿದ್ದ.

ಕೊನೆಗೆ ಅವಳು ಮತ್ತೆ ಕೋರ್ಟಿಗೆ ಹೋದಳು. ಆದೇಶ ಗೊತ್ತಿದ್ದೂ ಮೀರಿದ್ದು ಸಾಬೀತಾದರೆ ರುದ್ರೇಶನಿಗೆ ಜೈಲು.

"ಆದೇಶ ನನ್ನ ಕಣ್ಣಿಗೇ ಬಿದ್ದಿಲ್ಲ ಸ್ವಾಮಿ!" ಎಂದ ರುದ್ರೇಶ.

ನೀಲಮ್ಮ ಕಾಗದ ಕೊಟ್ಟಳು. ಹಿಂಬದಿಯಲ್ಲಿ ಹದಿನಾಲ್ಕು ಸೀಲು. ನ್ಯಾಯಾಧೀಶರು ಮಗುಚಿ ನೋಡಿದರು. ಮುಂಬದಿಯಲ್ಲಿ ಅವರದೇ ಆದೇಶ.

ರುದ್ರೇಶ ತಟ್ಟನೆ ನೀಲಮ್ಮನ ಕಡೆ ತಿರುಗಿದ. "ಗ್ರೈಂಡರ್ ಇವತ್ತೇ ಕಳಿಸ್ತೀನಮ್ಮ!"

ನೀಲಮ್ಮ ರಟ್ಟೆ ನೀವಿಕೊಂಡಳು. "ಅದನ್ನೂ ಬರೆದು ಸೀಲ್ ಒತ್ತಿಬಿಡಿ ಸ್ವಾಮಿ."