ಎದುರುಗಾಳಿಗೆ ಮುಂದೆ ಯಾರು

ಸಿದರಾಯ ಗುರುಗಳನ್ನು ಒಂದು ಪ್ರಶ್ನೆ ಕೇಳಲು ಹೋದವರು ಮೊದಲು ಅವರ ಹತ್ತು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತಿತ್ತು. ಅವಸರದವರು ಆ ಕಡೆ ತಲೆಯನ್ನೇ ಹಾಕುತ್ತಿರಲಿಲ್ಲ.

ಕೃಷ್ಣಾ ನದಿಯ ದಂಡೆಯಲ್ಲಿ ಒಂದು ತಗಡಿನ ಶೆಡ್ಡು, ಒಳಗೆ ಏಳೆಂಟು ಸೈಕಲ್ಲು, ಒಂದು ಚಾಪೆ. ಗುರುಗಳ ಆಶ್ರಮ ಅಂದರೆ ಇಷ್ಟೇ. ನಲವತ್ತು ವರ್ಷ ವಿಜಯಪುರ ಸೀಮೆಯ ಮಕ್ಕಳಿಗೆ ಸೈಕಲ್ ರೇಸ್ ಕಲಿಸಿದ ಮನುಷ್ಯ ಅವರು. ವಯಸ್ಸು ಎಪ್ಪತ್ತಾಗಿತ್ತು, ಆದರೆ ಆ ಮಾತನ್ನು ಅವರ ಕಾಲಿಗೆ ಯಾರೂ ಹೇಳಿದಂತಿರಲಿಲ್ಲ.

ಒಂದು ಆಷಾಢದ ಮುಂಜಾನೆ ಶಿಷ್ಯ ಯಲಗೂರೇಶ ಬೆಲ್ಜಿಯಂನಿಂದ ಬಂದು ಕಾಲಿಗೆ ಬಿದ್ದ. ಅಲ್ಲಿಯ ಒಂದು ಟೀಮಿನಲ್ಲಿ ಸಂಬಳಕ್ಕೆ ಸೈಕಲ್ ತುಳಿಯುವವನು. ಹೋದ ವರ್ಷ ಅದೇ ಊರಲ್ಲಿ ಹೆಂಡತಿ ಕಸ್ತೂರಿಯ ಜೊತೆ ಒಂದು ರೊಟ್ಟಿ ಖಾನಾವಳಿಯನ್ನೂ ತೆರೆದಿದ್ದ.

"ಗುರುಗಳ, ಹೋದ ಮೂರೂ ರೇಸಿನ್ಯಾಗ ಅರ್ಧಕ್ಕ ಇಳದೀನಿ. ಬರೂ ಐತವಾರದ ರೇಸ್ ಮುಗಸಲಿಲ್ಲಂದ್ರ ಟೀಮಿನಿಂದ ತಗೀತಾರ. ಇತ್ತ ಖಾನಾವಳಿ ವಾರದಾಗ ಮೂರು ದಿನ ಬಂದ್ ಇರತೈತಿ. ಎರಡರಾಗ ಒಂದು ಬಿಡಬೇಕು. ಯಾವುದು ಬಿಡಲಿ?"

ಗುರುಗಳು ಕಣ್ಣರಳಿಸಿದರು. "ಅಲ್ಲಿ ಗಾಳಿ ಹೆಂಗ ಬೀಸತೈತಿ?"

"ಸಮುದ್ರದ ಕಡೆಯಿಂದ್ರಿ. ಹುಚ್ಚುಗಾಳಿ."

"ಜೋಳ ಎಲ್ಲಿಂದ ತರಸ್ತಿ?"

"ಇಲ್ಲಿಂದನ್ರಿ."

"ಬಿಳಿ ಮಂದಿ ಕೆಂಪ ಚಟ್ನಿ ತಿಂತಾರೇನೋ?"

"ಕಣ್ಣಾಗ ನೀರು ಹಾಕ್ಕೋತ ತಿಂತಾರ್ರಿ."

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಲಗೂರೇಶನಿಗೆ ಸಿಟ್ಟು ಬಂತು.

"ನಾ ಸಾಯಾಕತ್ತೀನಿ, ನೀವು ಚಟ್ನಿ ಕೇಳ್ತೀರಿ!"

"ಸೈಕಲ್ ತಗೋ," ಎಂದರು ಗುರುಗಳು. "ಸೇತುವೆ ತನಕ ಹೋಗಿ ಬರೋಣ."

ಸೇತುವೆ ಪಡುವಣಕ್ಕೆ, ಹನ್ನೆರಡು ಕಿಲೋಮೀಟರು. ಆಷಾಢದ ಗಾಳಿ ಅದೇ ಪಡುವಣದಿಂದ ಬೀಸುತ್ತಿತ್ತು. ಅದರ ಎದುರು ನಡೆಯುವುದೇ ಕಷ್ಟ, ಇನ್ನು ತುಳಿಯುವ ಮಾತೆಲ್ಲಿ!

ಸೈಕಲ್ ರೇಸಿನವರ ಮೊದಲ ಪಾಠ ಇದು. ಮುಂದಿನವನು ಗಾಳಿ ಸೀಳಬೇಕು, ಹಿಂದಿನವನು ಅವನ ಗಾಲಿಗೆ ಗಾಲಿ ಹತ್ತಿಸಿ ಮರೆಯಲ್ಲಿ ಬರಬೇಕು. ಮುಂದಿನವನಿಗೆ ಸಾಕಾದಾಗ ಮೊಳಕೈ ಅಲ್ಲಾಡಿಸಿ ಪಕ್ಕಕ್ಕೆ ಸರಿಯುತ್ತಾನೆ, ಹಿಂದಿನವನು ಮುಂದೆ ಬರುತ್ತಾನೆ. ಯಲಗೂರೇಶನಿಗೆ ಇದನ್ನು ಕಲಿಸಿದವರು ಇದೇ ಗುರುಗಳು.

ಯಲಗೂರೇಶ ಮುಂದೆ, ಗುರುಗಳು ಹಿಂದೆ. ಮೂರು ಕಿಲೋಮೀಟರಾಯಿತು.

"ಮುಂದ ಬರಲೇನೋ?" ಗುರುಗಳು ಕೂಗಿದರು.

"ಬ್ಯಾಡ್ರಿ! ನೀವು ಹಿಂದ ಇರ್ರಿ!"

ಆರು ಕಿಲೋಮೀಟರಾಯಿತು. "ಬರಲೇನೋ ತಮ್ಮಾ?"

"ಬ್ಯಾಡಂದ್ನೆಲ್ರಿ!"

ಒಂಬತ್ತನೇ ಕಿಲೋಮೀಟರಿಗೆ ಮತ್ತೆ ಕೇಳಿದರು. ಯಲಗೂರೇಶನಿಗೆ ಉಸಿರಿರಲಿಲ್ಲ, ತಲೆ ಮಾತ್ರ ಅಲ್ಲಾಡಿಸಿದ. ಸೇತುವೆ ಕಣ್ಣಿಗೆ ಬೀಳುವ ಹೊತ್ತಿಗೆ ಅವನ ತೊಡೆ ಸೆಟೆದುಕೊಂಡು ಸೈಕಲ್ ನಿಂತಿತು. ಹಾದಿ ಬದಿಯ ಕಲ್ಲಿನ ಮೇಲೆ ಕುಸಿದು ಕೂತ.

ಗುರುಗಳು ಇಳಿದರು. ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ.

"ಯಾಕೋ, ಒಮ್ಮೆನೂ ಮೊಳಕೈ ಅಲ್ಲಾಡಿಸಲಿಲ್ಲ?"

"ನಿಮಗ ಎಪ್ಪತ್ತು ವರ್ಷ ಆಗ್ಯಾವ. ಇಂಥಾ ಗಾಳಿಗೆ ನಿಮ್ಮನ್ನ ಹೆಂಗ ಬಿಡಲಿ? ನನ್ನ ಜೀವ ಒಪ್ಪಂಗಿಲ್ರಿ."

"ಸೇತುವೆ ಮುಟ್ಟಿದೆವೇನು?"

"ಇಲ್ರಿ."

ಗುರುಗಳು ಪಕ್ಕದಲ್ಲಿ ಕೂತು ನೀರಿನ ಬಾಟಲಿ ಕೊಟ್ಟರು. ಮತ್ತೆ ಅವರ ಪ್ರಶ್ನೆ ಶುರುವಾಯಿತು.

"ಖಾನಾವಳ್ಯಾಗ ಕಸ್ತೂರಿ ಏನು ಮಾಡ್ತಾಳ?"

"ರೊಟ್ಟಿ ಬಡೀತಾಳ್ರಿ."

"ಸಂತಿ? ಗಿರಾಕಿ? ಕಚೇರಿ ಕಾಗದ?"

"ಎಲ್ಲಾ ನಾನ. ಆಕಿಗೆ ಅಲ್ಲಿ ಭಾಷಾ ಬರಂಗಿಲ್ಲ, ಪಾಪ. ಹೊರಗ ಬಂದ್ರ ಮಂದಿ ಏನರ ಅಂದಾರು ಅಂತ ಒಳಗ ಇರಸೀನಿ."

"ನೀ ರೇಸಿಗೆ ಹೋದಾಗ?"

"ಖಾನಾವಳಿ ಬಾಗಲಾ ಹಾಕ್ಕೊಂಡ ಹೋಗ್ತೀನ್ರಿ."

"ಆಕಿ ಏನೂ ಕೇಳಂಗಿಲ್ಲೇನು?"

ಯಲಗೂರೇಶ ಬಾಟಲಿಯ ಮುಚ್ಚಳ ಹಾಕಿ ಕೆಳಗಿಟ್ಟ.

"ನಾ ನೋಡ್ಕೋತೀನಿ, ನೀವು ಹೋಗ್ರಿ ಅಂತಾಳ್ರಿ. ದಿನಾ ಅಂತಾಳ."

"ನೀ ಏನಂತಿ?"

"ಬ್ಯಾಡ, ನೀ ಒಳಗ ಇರು ಅಂತೀನಿ." ಹೇಳಿದವನೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನಿಗೆ ನಾಚಿಕೆಯಾಗಿತ್ತು, ಅಳುವೂ ಬಂದಿತ್ತು.

ಆಮೇಲೆ ತಾನೇ ಕಣ್ಣೊರೆಸಿಕೊಂಡು ಫೋನ್ ತೆಗೆದ. ಅಲ್ಲಿ ಆಗಷ್ಟೇ ಬೆಳಗಾಗಿತ್ತು.

"ಕಸ್ತೂರಿ, ಬರೂ ಐತವಾರ ನಾ ರೇಸಿಗೆ ಹೋಗ್ತೀನಿ. ಖಾನಾವಳಿ ನೀ ತೆರಿ. ಗಲ್ಲಾದ ಮ್ಯಾಲೆ ನೀನ ಕುಂದರು."

ಆ ಕಡೆಯಿಂದ ಕಸ್ತೂರಿ ಮೆಲ್ಲಗೆ ಕೇಳಿದಳು, "ರೀ, ಮೈಯಾಗ ಹುಷಾರ ಅದೀರಿಲ್ಲೋ?"

"ಅದೀನಿ. ಭಾಷಾದ್ದು ಒಂದು ಚಿಂತಿ…"

"ಭಾಷಾ ಕಲತು ನಾಲ್ಕು ತಿಂಗಳಾತ್ರಿ. ಬಾಜೂ ಮನಿ ಅಜ್ಜಿಗೆ ದಿನಾ ಎರಡು ರೊಟ್ಟಿ ಕೊಡ್ತೀನಿ, ಆಕಿ ಕಲಸ್ತಾಳ. ನೀವು ಎಲ್ಲಿ ಕೇಳೀರಿ?"

ಯಲಗೂರೇಶ ಫೋನ್ ಇಟ್ಟ. ಮುಖದ ಮೇಲೆ ನಗು ಬಂತು, ಅದರ ಬೆನ್ನಿಗೇ ಅಂಜಿಕೆಯೂ ಬಂತು.

"ಗುರುಗಳ, ಆಕಿ ಎಲ್ಲೆರ ಎಡವಿದ್ರ? ಖಾನಾವಳಿನ ಮುಳುಗಿಹೋದ್ರ?"

ಗುರುಗಳು ಎದ್ದು ಧೋತರ ಝಾಡಿಸಿಕೊಂಡು ಸೈಕಲ್ ಹತ್ತಿದರು.

"ನೀ ಹನ್ನೆರಡು ವರ್ಷದಾಂವ ಇದ್ದಾಗ ಮೊದಲನೇ ಸಲ ನನ್ನ ಮುಂದ ಬಂದಿ. ಗಾಬರ್ಯಾಗಿ ಬ್ರೇಕ್ ಹಾಕಿದಿ, ನಾ ಹೋಗಿ ಕಾಲುವ್ಯಾಗ ಬಿದ್ದೆ. ಮರುದಿನ ಮುಂಜಾನೆ ಮತ್ತ ನೀನ ಮುಂದ. ನಿನ್ನ ಹಿಂದ ಯಾರಿದ್ರೋ ತಮ್ಮಾ?"