ಹೊನ್ನಿಯ ಖಾಲಿ ಹಲಗೆ

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ರೂಢಿ ಇತ್ತು. ಹೊಸದಾಗಿ ಪಾಠ ಹೇಳಲು ನಿಂತವನ ತರಗತಿಯಲ್ಲಿ, ಮೊದಲ ಮಳೆಗಾಲ ಮುಗಿಯುವವರೆಗೆ, ಹಿರಿಯ ಗುರುಗಳು ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದರು. ಹೊಸಬನಿಗೆ ಆಸರೆ ಇರಲಿ ಎಂದು ಆ ಏರ್ಪಾಡು.

ಶಾಂತವೀರನಿಗೆ ಅದು ಆಸರೆಯಾಗಿ ಕಾಣಲಿಲ್ಲ. ಕಾವಲಾಗಿ ಕಂಡಿತು.

ಹೆಸರಿಗಷ್ಟೇ ಅವನು ಶಾಂತವೀರ. ಆಶ್ರಮದ ಅಡುಗೆಮನೆಯಲ್ಲಿ ಸೌದೆ ಒಡೆಯುತ್ತ, ನೀರು ಹೊರುತ್ತ, ಎಂದಾದರೂ ನಾಲ್ಕು ಮಕ್ಕಳಿಗೆ ಅಕ್ಷರ ಹೇಳಿಕೊಡಬೇಕು ಎಂದು ವರ್ಷಗಟ್ಟಲೆ ಕಾದಿದ್ದ. ಈಗ ಆ ಆಸೆ ಕೈಗೂಡಿತ್ತು. ಕೈಗೂಡಿದ್ದನ್ನು ಯಾರೋ ಕಿತ್ತುಕೊಳ್ಳುತ್ತಾರೆ ಎಂಬ ಭಯವೂ ಬೆನ್ನಿಗೇ ಬಂದಿತ್ತು.

ಅವನಿಗಿಂತ ಮೊದಲು ಪಾಠ ಹೇಳುತ್ತಿದ್ದವನು ಮಳೆಗಾಲದ ನಡುವೆಯೇ ಗಂಟುಮೂಟೆ ಕಟ್ಟಿ ಹೊಳೆ ದಾಟಿ ಹೋಗಿದ್ದ. ತಾನಾಗಿ ಹೋದನೋ, ಗುರುಗಳೇ ಕಳಿಸಿದರೋ? ಶಾಂತವೀರ ಯಾರನ್ನೂ ಕೇಳಲಿಲ್ಲ. ಕೇಳದೆಯೇ ಉತ್ತರವನ್ನು ತೀರ್ಮಾನಿಸಿಕೊಂಡಿದ್ದ.

ಗುರು ಸಂಗಯ್ಯನವರು ಹಿಂದೆ ಕೂತಾಗ ಬರಿಗೈಯಲ್ಲಿ ಇರುತ್ತಿರಲಿಲ್ಲ. ತೊಡೆಯ ಮೇಲೆ ಮೊರ, ಮೊರದಲ್ಲಿ ಹುಣಸೆಹಣ್ಣು. ಬೀಜ ಬಿಡಿಸಿ ಒಂದನ್ನು ಎಡಗಡೆ ಹಾಕುವರು, ಇನ್ನೊಂದನ್ನು ಬಲಗಡೆ.

ತನ್ನ ತಪ್ಪುಗಳನ್ನು ಎಣಿಸುತ್ತಿದ್ದಾರೆ ಎಂದು ಶಾಂತವೀರನಿಗೆ ಗುಮಾನಿ ಬಂತು.

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟ. "ಗುರುಗಳೇ, ಬೀಜ ಯಾಕೆ ಎರಡು ಗುಡ್ಡೆ ಮಾಡ್ತೀರಿ?"

"ಹುಳುಕು ಒಂದು ಕಡೆ, ಗಟ್ಟಿ ಒಂದು ಕಡೆ."

"ಯಾವುದು ಹುಳುಕು ಅಂತ ಗೊತ್ತಾಗೋದು ಹೇಗೆ?"

"ಕೈಗೆ ತಗೊಂಡು ನೋಡಬೇಕಪ್ಪ. ದೂರದಿಂದ ಎಲ್ಲವೂ ಒಂದೇ ಥರ ಕಪ್ಪು."

ಇದು ನನಗೇ ಹೇಳಿದ ಮಾತು, ನನ್ನನ್ನೇ ಹುಳುಕು ಅಂದದ್ದು, ಎಂದುಕೊಂಡ ಶಾಂತವೀರ. ಅಂದು ಅವನಿಗೆ ಊಟ ಸೇರಲಿಲ್ಲ.

ತರಗತಿ ಅಂದರೆ ಒಂದು ಉದ್ದನೆಯ ಪಡಸಾಲೆ. ಮಕ್ಕಳು ಬೆಳಿಗ್ಗೆ ಆಚೆ ದಡದಿಂದ ಹರಿಗೋಲಿನಲ್ಲಿ ಬರುವರು, ಮಧ್ಯಾಹ್ನ ಹರಿಗೋಲಿನಲ್ಲೇ ಹೋಗುವರು. ಪ್ರತಿಯೊಬ್ಬರ ಮುಂದೆ ಅಂಚು ಕಟ್ಟಿದ ಒಂದು ಹಲಗೆ, ಅದರ ತುಂಬ ಹೊಳೆಯ ಸಣ್ಣ ಮರಳು. ಅಕ್ಷರವನ್ನು ಬೆರಳಿನಿಂದ ಮರಳಿನ ಮೇಲೆ ಬರೆಯಬೇಕು. ಬರೆದದ್ದನ್ನು ಕೈಯಿಂದ ಒರೆಸುವ ಹಾಗಿಲ್ಲ, ಅದು ಅಕ್ಷರಕ್ಕೆ ಅವಮಾನ. ಹಲಗೆಯ ಅಂಚನ್ನು ಒಮ್ಮೆ ತಟ್ಟಿದರೆ ಮರಳು ತಾನಾಗಿ ಸಮವಾಗುತ್ತದೆ, ಮುಂದಿನ ಅಕ್ಷರಕ್ಕೆ ಜಾಗ ಸಿಗುತ್ತದೆ.

ಈ ರೂಢಿಗೆ ಶಾಂತವೀರ ತನ್ನದೊಂದು ಕಟ್ಟಳೆ ಸೇರಿಸಿದ್ದ. ತಾನು ಹೇಳಿದಾಗ ಮಾತ್ರ, ಎಲ್ಲರೂ ಒಟ್ಟಿಗೆ ತಟ್ಟಬೇಕು. ಅದಕ್ಕೆ ಮೊದಲು ಯಾರೂ ಹಲಗೆ ಮುಟ್ಟುವಂತಿಲ್ಲ.

ಅವನು ಮಕ್ಕಳಿಗೆ ಬೆನ್ನು ಮಾಡಿ ಕರಿಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಅಕ್ಷರ ಬರೆಯುತ್ತಿದ್ದ. ದೊಡ್ಡದಾಗಿ, ನಿಧಾನವಾಗಿ ಬರೆದು, ಮತ್ತೆ ಮತ್ತೆ ತಿದ್ದುತ್ತಿದ್ದ. ಹಿಂದೆ ಮರಳು ಸರಸರ ಅನ್ನುತ್ತಿತ್ತು.

ಅಷ್ಟರಲ್ಲಿ, ಟಕ್.

ಅವನು ಗಿರಕ್ಕನೆ ತಿರುಗುವನು. "ಯಾರದು?"

ಮಕ್ಕಳೆಲ್ಲ ಗೊಳ್ಳನೆ ನಗುವರು.

ದಿನಾ ಇದೇ. ಕಳ್ಳನನ್ನು ಹಿಡಿಯಬೇಕೆಂದು ಅವನು ಬರೆಯುವಂತೆ ನಟಿಸುತ್ತ ಥಟ್ಟನೆ ತಿರುಗುವುದನ್ನು ರೂಢಿಸಿಕೊಂಡ. ಕಳ್ಳ ಸಿಗಲಿಲ್ಲ, ನಗು ಮಾತ್ರ ಜಾಸ್ತಿಯಾಯಿತು. ಹಿಂದಿನ ಗೋಡೆಯ ಬಳಿ ಗುರುಗಳು ತಲೆ ಎತ್ತದೆ ಬೀಜ ಬಿಡಿಸುತ್ತಿದ್ದರು. ಇವರೇ ಮಕ್ಕಳಿಗೆ ಕಣ್ಣಸನ್ನೆ ಮಾಡುತ್ತಿದ್ದಾರೋ ಏನೋ ಎಂಬ ಯೋಚನೆ ಕೂಡ ಬಂತು. ಬಂದದ್ದಕ್ಕೆ ಅವನಿಗೆ ನಾಚಿಕೆಯಾಯಿತು, ಆದರೂ ಅದು ಬಿಟ್ಟು ಹೋಗಲಿಲ್ಲ.

ಸಂಜೆ ಹೊಳೆಯ ಮೆಟ್ಟಿಲ ಮೇಲೆ ಗುರುಗಳು ಕೇಳಿದರು. "ಆ ಶಬ್ದ ಬರೋ ಮೊದಲು ಏನಾಗಿರುತ್ತೆ?"

"ಏನೂ ಇಲ್ಲ. ಎಲ್ಲರೂ ಸುಮ್ಮನೆ ಬರೀತಾ ಇರ್ತಾರೆ."

"ಆಮೇಲೆ?"

"ನಗ್ತಾರೆ."

"ಶಬ್ದಕ್ಕೆ ನಗ್ತಾರೋ, ನೀನು ತಿರುಗಿದ್ದಕ್ಕೋ?"

ಶಾಂತವೀರನ ಕಿವಿ ಬಿಸಿಯಾಯಿತು.

"ನಾಳೆ ತಿರುಗಬೇಡ, ನೋಡೋಣ."

"ತಿರುಗದಿದ್ರೆ ಯಾರು ಅಂತ ಗೊತ್ತಾಗೋದು ಹೇಗೆ?"

"ಯಾರು ಅಂತ ಆಮೇಲೆ ಕೇಳು. ಯಾಕೆ ಅಂತ ಮೊದಲು ಕೇಳು."

ಮಕ್ಕಳ ಪರ ವಹಿಸುತ್ತಿದ್ದಾರೆ, ನಾನು ಸೋಲುವುದನ್ನೇ ಕಾಯುತ್ತಿದ್ದಾರೆ. ಶಾಂತವೀರನಿಗೆ ಇನ್ನು ಅನುಮಾನವೇ ಉಳಿಯಲಿಲ್ಲ.

ಮರುದಿನ ಅವನು ಪುಟ್ಟಬಸವ ಎಂಬ ಹುಡುಗನನ್ನು ಮರೆಗೆ ಕರೆದು ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟ. "ಹಲಗೆ ತಟ್ಟೋದು ಯಾರು ಅಂತ ನೋಡಿ ಹೇಳು."

ಪುಟ್ಟಬಸವ ಬೆಲ್ಲ ಬಾಯಿಗೆ ಹಾಕಿಕೊಂಡವನೇ ಹೇಳಿದ. "ನೋಡೋದೇನು ಅಯ್ಯಾ, ಹೊನ್ನಿ."

ಹೊನ್ನಿ ನಡುವಿನ ಸಾಲಿನ ಹುಡುಗಿ. ಕೆದರಿದ ಕೂದಲು, ಮಾತು ಕಡಿಮೆ. ಅಂದು ಮತ್ತೆ ಟಕ್ ಅಂದ ಕೂಡಲೇ ಶಾಂತವೀರ ನೇರ ಹೋಗಿ ಅವಳ ಮುಂದೆ ನಿಂತು ಹಲಗೆ ನೋಡಿದ. ಉಳಿದವರ ಹಲಗೆಯಲ್ಲೆಲ್ಲ ಸೊಟ್ಟಗೋ ನೆಟ್ಟಗೋ ಒಂದು ಅಕ್ಷರವಿತ್ತು. ಹೊನ್ನಿಯ ಮರಳು ನುಣ್ಣಗೆ, ಖಾಲಿ ಇತ್ತು.

"ಬರೆದೇ ಇಲ್ಲವಲ್ಲ?"

"ಬರೆದಿದ್ದೆ ಅಯ್ಯಾ."

"ಎಲ್ಲಿ ಬರೆದಿದ್ದೀಯ? ತೋರಿಸು."

ಅವಳು ಮರಳನ್ನು ನೋಡಿದಳು. ಅಲ್ಲಿ ತೋರಿಸುವಂಥದ್ದು ಏನೂ ಇರಲಿಲ್ಲ.

ಅಂದಿನಿಂದ ಅವನು ಗಮನಿಸಿದ. ಟಕ್ ಅಂದ ಮೇಲೆ ಯಾವಾಗ ನೋಡಿದರೂ ಹೊನ್ನಿಯ ಹಲಗೆ ಖಾಲಿ. ಬರೆಯುವುದಿಲ್ಲ, ಸದ್ದು ಮಾಡುತ್ತಾಳೆ, ಮೇಲೆ ಸುಳ್ಳು ಬೇರೆ. ಎಲ್ಲ ಸೇರಿ ಲೆಕ್ಕ ಸರಿಹೋಯಿತು ಅಂದುಕೊಂಡ.

ಇತ್ತ ಬೆಲ್ಲದ ಸುದ್ದಿ ಮಕ್ಕಳಲ್ಲಿ ಹಬ್ಬಿತು. "ಅಯ್ಯಾ, ಇವನು ಕಿಟಕಿ ನೋಡಿದ." "ಅಯ್ಯಾ, ಇವಳು ಆಕಳಿಸಿದಳು." ಒಬ್ಬೊಬ್ಬರೂ ಮೊಣಕೈ ಅಡ್ಡ ಇಟ್ಟು ತಮ್ಮ ಹಲಗೆಯನ್ನು ಪಕ್ಕದವರಿಂದ ಮುಚ್ಚಿಕೊಳ್ಳತೊಡಗಿದರು. ಬೆಳಿಗ್ಗೆ ಹರಿಗೋಲಿನಿಂದ ಒಟ್ಟಿಗೆ ಹಾಡಿಕೊಂಡು ಇಳಿಯುತ್ತಿದ್ದ ಮಕ್ಕಳು ಈಗ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ ಇಳಿಯುತ್ತಿದ್ದರು. ತರಗತಿ ಹದಕ್ಕೆ ಬರುತ್ತಿದೆ ಎಂದು ಶಾಂತವೀರನಿಗೆ ಅನ್ನಿಸಿತು. ಪಾಪ, ಅವನಿಗೆ ನಿಜವಾಗಿಯೂ ಹಾಗನ್ನಿಸಿತು.

ಆದರೆ ಆ ಟಕ್ ಮಾತ್ರ ನಿಲ್ಲಲಿಲ್ಲ.

ಕೊನೆಗೆ ಅವನು ಗುರುಗಳ ಮುಂದೆ ಹೋಗಿ ನಿಂತ. "ಹೊನ್ನಿ ಈ ತರಗತಿಗೆ ಬೇಡ ಗುರುಗಳೇ. ಇವತ್ತು ಮಧ್ಯಾಹ್ನದ ಹರಿಗೋಲಿನಲ್ಲಿ ಹೋದವಳು ನಾಳೆಯಿಂದ ಬರೋದು ಬೇಡ. ಅವಳೊಬ್ಬಳು ಹೋದರೆ ಉಳಿದವರು ನನ್ನ ಮಾತು ಕೇಳ್ತಾರೆ."

ತಡೆಯುತ್ತಾರೆ, ಬೈಯುತ್ತಾರೆ, ಕಡೆಗೆ ನೀನೇ ಹೊರಡು ಅನ್ನುತ್ತಾರೆ ಎಂದು ಕಾದು ನಿಂತಿದ್ದ.

"ತರಗತಿ ನಿನ್ನದು" ಅಂದರು ಗುರುಗಳು. "ಹರಿಗೋಲು ಬರೋವರೆಗೆ ಅವಳು ಎಲ್ಲಿರಲಿ?"

"ಹೊರಗೆ, ಬಾಗಿಲ ಮೆಟ್ಟಿಲ ಮೇಲೆ."

"ಹಾಗಾದರೆ ಅವಳ ಜಾಗ ಖಾಲಿ."

"ಖಾಲಿನೇ."

"ಗೋಡೆಗೆ ಒರಗಿ ಒರಗಿ ನನ್ನ ಬೆನ್ನು ಹಿಡ್ಕೊಂಡಿದೆ. ಇವತ್ತು ಅಲ್ಲಿ ಕೂರಲಾ?"

ಇದರಲ್ಲೇನೋ ಹುನ್ನಾರ ಇದೆ ಎಂದು ಶಾಂತವೀರನ ಮನಸ್ಸು ಹೇಳಿತು. ಬೇಡ ಅನ್ನಲು ಕಾರಣ ಸಿಗಲಿಲ್ಲ. ತಲೆಯಾಡಿಸಿದ.

ಹೊನ್ನಿ ಬುತ್ತಿಗಂಟು ಎದೆಗೊತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ಅತ್ತಿದ್ದರೆ ಶಾಂತವೀರನಿಗೆ ಸಮಾಧಾನವಾಗುತ್ತಿತ್ತು. ಬಾಗಿಲು ತೆರೆದೇ ಇತ್ತು, ಕರಿಗೋಡೆ ಅಲ್ಲಿಂದ ಅವಳಿಗೆ ಕಾಣುತ್ತಿತ್ತು.

ಗುರುಗಳು ಅವಳ ಜಾಗದಲ್ಲಿ, ಪುಟ್ಟಬಸವನ ಪಕ್ಕ, ಮಂಡಿ ಮಡಿಸಿ ಕೂತರು. ಇಂದು ಮೊರ ಇರಲಿಲ್ಲ. ಮುಂದೆ ಹೊನ್ನಿಯ ಹಲಗೆ ಇತ್ತು.

ಶಾಂತವೀರ ಗೋಡೆಯತ್ತ ತಿರುಗಿ ಅಂದಿನ ಅಕ್ಷರ ಬರೆಯತೊಡಗಿದ. "ಣ" ಎಂದು ಗಟ್ಟಿಯಾಗಿ ಹೇಳಿದ. ಮಕ್ಕಳು ಹೇಳಿದರು. ಮತ್ತೆ ತಿದ್ದಿದ, ಇನ್ನೊಮ್ಮೆ ತಿದ್ದಿದ. ಹಿಂದೆ ಮರಳಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅವನ ಭುಜ ಸಡಿಲವಾಯಿತು. ಗೆದ್ದೆ, ಅಂದುಕೊಂಡ. ಈ ಮಕ್ಕಳು ಇನ್ನು ನನ್ನವರು.

ಟಕ್.

ಹೊನ್ನಿ ಹೊರಗಿದ್ದಾಳೆ. ಹಾಗಾದರೆ ಯಾರು?

ಗಿರಕ್ಕನೆ ತಿರುಗಿದ. ಈ ಸಲ ಯಾರೂ ನಗಲಿಲ್ಲ. ಮಕ್ಕಳೆಲ್ಲ ಬಾಯಿ ತೆರೆದು ಗುರುಗಳನ್ನೇ ನೋಡುತ್ತಿದ್ದರು.

ಶಾಂತವೀರ ಸಾಲುಗಳ ನಡುವೆ ನಡೆದು ಬಂದು ಅವರ ಮುಂದೆ ನಿಂತ. ಹಲಗೆಯ ಮೇಲಿನ ಮರಳು ನುಣ್ಣಗೆ, ಖಾಲಿ ಇತ್ತು. ಗುರುಗಳ ಬೆರಳ ತುದಿಗೆ ಮರಳು ಅಂಟಿತ್ತು.

ಎಲ್ಲಿ ಬರೆದಿದ್ದೀರಿ, ತೋರಿಸಿ ಎಂಬ ಮಾತು ಅವನ ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು.

ಅವನು ಬಾಗಿಲ ಕಡೆ ನೋಡಿದ. ಹೊನ್ನಿ ಇವರತ್ತ ನೋಡುತ್ತಿರಲಿಲ್ಲ. ಬಗ್ಗಿ ಮೆಟ್ಟಿಲನ್ನೇ ನೋಡುತ್ತಿದ್ದಳು. ಕಲ್ಲಿನ ಮೇಲಿನ ಧೂಳಿನಲ್ಲಿ ಅಂದಿನ ಅಕ್ಷರ ಇತ್ತು, ಗೋಡೆಯ ಮೇಲೆ ಅವನು ಬರೆದದ್ದಕ್ಕಿಂತ ಚೆಂದವಾಗಿ ಇತ್ತು. ಕೈಯಿಂದ ಒರೆಸುವ ಹಾಗಿಲ್ಲ, ತಟ್ಟಲು ಹಲಗೆ ಇಲ್ಲ. ಮುಂದಿನ ಅಕ್ಷರಕ್ಕೆ ಜಾಗ ಮಾಡುವುದು ಹೇಗೆಂದು ತಿಳಿಯದೆ ಅವಳು ಬೆರಳು ಮೇಲೆತ್ತಿ ಹಿಡಿದು ಹಾಗೇ ಕೂತಿದ್ದಳು.

ಹೊಳೆಯಲ್ಲಿ ಹರಿಗೋಲು ಈಚೆ ದಡಕ್ಕೆ ಹೊರಟಿತ್ತು.

ಶಾಂತವೀರನ ಕೈಯಿಂದ ಸುಣ್ಣದ ಕಡ್ಡಿ ಜಾರಿ ಬಿತ್ತು. ಗುರುಗಳು ಅದನ್ನು ಎತ್ತಿ, ಹೊಸ ವಿದ್ಯಾರ್ಥಿ ಕೊಡುವಂತೆ ಎರಡೂ ಕೈಯಲ್ಲಿ ಹಿಡಿದು, ಅವನ ಮುಂದೆ ಚಾಚಿದರು.

"ನನ್ನದೂ ಬರೆದಾಯ್ತು ಅಯ್ಯಾ, ಅವಳದೂ ಆಯ್ತು. ಮುಂದಿನ ಅಕ್ಷರ ಹೇಳಿಕೊಡಿ."