ಅಳಬಾರದೆಂದು ಡಂಗುರ ಸಾರಿಸಿದ ದೊರೆ

“ಕೇಳ್ರಪ್ಪೋ ಕೇಳಿ! ದೊರೆ ಕೇತರಸರು ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವರಿಗೆ ಕೇಳಿದ್ದನ್ನು ಕೊಡುತ್ತಾರೆ, ತಪ್ಪಿದವರ ತಲೆ ತೆಗೆಯುತ್ತಾರೆ. ಒಗಟು ಬಿಡಿಸುವವರೆಗೂ ಊರಲ್ಲಿ ಯಾರೂ ಅಳಕೂಡದು, ಅತ್ತವರ ತಲೆಯೂ ಉಳಿಯದು!”

ಮಾರುಗಲ್ಲಿನ ಜನ ಬಾಯಿ ಮುಚ್ಚಿಕೊಂಡರು. ದೊರೆಯ ಏಳು ವರ್ಷದ ಮಗ ಜ್ವರದಲ್ಲಿ ತೀರಿಕೊಂಡು ತಿಂಗಳಾಗಿತ್ತು. ದೊರೆಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ತಾನು ಅಳಲಾರದ ಮೇಲೆ ಇನ್ಯಾರೂ ಅಳಬಾರದೆಂದು ಅವನ ಹಟ. ದೊರೆಗಳ ಹಟಕ್ಕೆ ಮದ್ದುಂಟೇ?

ಸಾವಿನ ಮನೆಗಳಲ್ಲಿ ಹಾಡಿಕೊಂಡು ಅಳುವ ಸಣ್ಣೀರವ್ವ ಮಾತ್ರ ಸುಮ್ಮನಿರಲಿಲ್ಲ. ಕುಂಬಾರರ ಕೂಸು ಸತ್ತಾಗ ಅದರ ತಾಯಿಯನ್ನು ತಬ್ಬಿಕೊಂಡು ದನಿಯೆತ್ತಿ ಅತ್ತಳು. ಭಟರು ಅವಳನ್ನು ಸೆರೆಗೆ ತಳ್ಳಿದರು. ಮಾರನೆಯ ದಿನವೇ ಅವಳ ತಲೆ ಹೋಗಬೇಕಿತ್ತು. ಹೆಣ ಹೂಳುವ ಗುಂಡಿ ತೋಡಿ ಬದುಕುವ ಅವಳ ಮಗ ದ್ಯಾವ ಅರಮನೆಗೆ ಓಡಿದ.

ಅಲ್ಲಿ ಒಗಟು ಬಿಡಿಸಲು ಅವನಿಗಿಂತ ಮುಂದೆ ಒಬ್ಬ ಸಾಹುಕಾರ, ಒಬ್ಬ ಪಂಡಿತ ನಿಂತಿದ್ದರು.

“ನೂರು ಜನ ಬಂದರೂ ಒಬ್ಬನೇ ಹೊರಬೇಕಾದ ಹೊರೆ ಯಾವುದು?” ದೊರೆ ಕೇಳಿದ.

“ತಮ್ಮ ಕಿರೀಟ, ಪ್ರಭು!” ಎಂದ ಸಾಹುಕಾರ. ಅವನ ತಲೆ ಹೋಯಿತು.

“ದುಃಖ,” ಎಂದ ಅನಂತಪಂಡಿತ.

“ಸರಿ. ಬೈಗುಳವಾದರೂ ಪ್ರಾರ್ಥನೆ ಎನಿಸಿಕೊಳ್ಳುವ ಮಾತು ಯಾವುದು?”

“ಅಂಥದ್ದಿಲ್ಲ ಪ್ರಭು. ದೇವರನ್ನು ಬೈಯುವುದು ಪಾಪ. ಯುವರಾಜರು ಹೋದದ್ದೂ ಯಾರದೋ ಪಾಪದ ಫಲವೇ.” ಪಂಡಿತನ ತಲೆಯೂ ಹೋಯಿತು.

ದ್ಯಾವ ಮುಂದೆ ಬಂದು ಕೈಮುಗಿದ. “ಮೊದಲನೇದು ಪಂಡಿತರು ಹೇಳಿದ್ದೇ, ಬುದ್ಧಿ. ಚಟ್ಟಕ್ಕೆ ನಾಲ್ಕು ಹೆಗಲು ಸಿಗ್ತವೆ, ದುಃಖಕ್ಕೆ ಒಂದೇ. ಎರಡನೇದು ನಮ್ಮವ್ವನ ಬಾಯಲ್ಲಿ ದಿನಾ ಕೇಳೋದು. ‘ದ್ಯಾವ್ರೇ, ಕಿವುಡಾದ್ಯಾ? ಇನ್ನೆಷ್ಟು ದಿನ ಹಿಂಗೆ?’ ಅಂತ ಅಳ್ತಾಳೆ. ದೇವರಿಲ್ಲ ಅಂದ್ಕೊಂಡೋರು ಬೈಯೋದಿಲ್ಲ ಬುದ್ಧಿ, ಎದ್ದು ಹೋಗ್ತಾರೆ. ಒಳಗೆ ಯಾರೋ ಅವ್ರೆ ಅಂತ ನಂಬಿದೋರೇ ಬಾಗಿಲು ಬಡಿಯೋದು.”

ದೊರೆಯ ದನಿ ಕುಗ್ಗಿತು. “ಮೂರನೆಯದು. ನನ್ನ ಮಗ ಯಾಕೆ ಸತ್ತ?”

ಎಷ್ಟೋ ಕೂಸುಗಳನ್ನು ಮಣ್ಣಿಗಿಟ್ಟ ಕೈ ದ್ಯಾವನದು, ಒಂದಕ್ಕೂ ಕಾರಣ ಸಿಕ್ಕಿರಲಿಲ್ಲ. ಅವ್ವ ಇನ್ನು ಉಳಿಯಲಾರಳು ಅನಿಸಿತು.

“ಗೊತ್ತಿಲ್ಲ, ಬುದ್ಧಿ.”

ಭಟ ಕತ್ತಿ ಎತ್ತಿದ. ದ್ಯಾವ ನೆಲದ ಮೇಲೆ ಕುಸಿದು ಕುಳಿತ. ಸಾವಿನ ಮನೆಗೆ ಹೋದವರು ಬರಿನೆಲದಲ್ಲಿ ಕೂರಬೇಕು, ಕಳೆದುಕೊಂಡವರು ತಾವಾಗಿ ಮಾತಾಡುವ ತನಕ ತುಟಿ ಬಿಚ್ಚಬಾರದು. ಅದು ಅವನ ಕೇರಿಯ ರೂಢಿ. ಅದರಾಚೆ ಅವನಿಗೇನೂ ತಿಳಿದಿರಲಿಲ್ಲ.

ದೊರೆ ಕೈಸನ್ನೆ ಮಾಡಿ ಭಟನ ಕತ್ತಿ ಇಳಿಸಿದ. ತಾನೂ ಸಿಂಹಾಸನದಿಂದ ಇಳಿದು ಬಂದು ನೆಲಕ್ಕೆ ಕುಳಿತ.

“ಕೊನೇ ದಿನ ನೀರು ಕೇಳಿದ ಕಣೋ. ವೈದ್ಯರು ಬೇಡ ಅಂದರು, ನಾನು ಕೊಡಲಿಲ್ಲ,” ಎಂದು ಬಿಕ್ಕಿ ಬಿಕ್ಕಿ ಅತ್ತ. “ಉತ್ತರ ನನಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೇ ಸರಿ. ನಿನಗೇನು ಬೇಕು, ಕೇಳು.”

“ನಮ್ಮವ್ವ, ಬುದ್ಧಿ.”

ಬಿಡುಗಡೆಯಾದ ಸಣ್ಣೀರವ್ವ ಮಗನ ಕೆನ್ನೆ ಸವರಿದಳು, ಆದರೆ ಮನೆಗೆ ಹೋಗಲಿಲ್ಲ. ನೆಟ್ಟಗೆ ತಲೆ ಹೋದ ಪಂಡಿತನ ಹೆಂಡತಿಯ ಬಳಿ ಹೋಗಿ ನೆಲದಲ್ಲಿ ಕುಳಿತಳು. ಹಿಂದೆಯೇ ದೊರೆಯೂ ಬಂದ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದವನನ್ನು ಸಣ್ಣೀರವ್ವ ತಡೆದಳು.

“ಮೊದಲು ಆಯಮ್ಮ ಮಾತಾಡಲಿ.”

ದೊರೆ ಕುಳಿತು ಕಾದ. ಆಯಮ್ಮ ಅವನ ಮುಖವನ್ನೇ ನೋಡಿದಳು, ಮಾತಾಡಲಿಲ್ಲ. ಇವತ್ತಿಗೂ ಮಾತಾಡಿಲ್ಲವಂತೆ.